ಕೋಟೆಯುಳ್ಳ ಆರು ಡಿಸ್ನಿ ಪಾರ್ಕುಗಳು: ಯಾವುದು ಮೇಲೆ, ಯಾವುದು ಕೆಳಗೆ, ಯಾವ ಅಳತೆಗೋಲಿನಿಂದ?

ಪಾರ್ಕುಪಯಣಿಗ:
ಕೊನೆಯದಾಗಿ ಉಳಿದಿದ್ದ ಶಾಂಘೈಯನ್ನೂ ಈಚೆಗೆ ನೋಡಿ ಬಂದೆ. ಅಲ್ಲಿಗೆ, ನಡುವೆ ಕೋಟೆ ನಿಂತಿರುವ ಡಿಸ್ನಿ ಪಾರ್ಕುಗಳು ಆರೂ ಮುಗಿದವು: ಕ್ಯಾಲಿಫೋರ್ನಿಯಾದ ಅನಹೈಮ್ (1955), ಫ್ಲೋರಿಡಾದ ಮ್ಯಾಜಿಕ್ ಕಿಂಗ್‌ಡಂ (1971), ಟೋಕಿಯೊ (1983), ಪ್ಯಾರಿಸ್ (1992), ಹಾಂಗ್‌ಕಾಂಗ್ (2005) ಮತ್ತು ಶಾಂಘೈ (2016). ಎಲ್ಲವನ್ನೂ ನೋಡಿದವರಿಗೆ ಪಟ್ಟಿ ಮಾಡದೆ ಇರಲು ಆಗುವುದಿಲ್ಲ. ನಾನು ಬರೆದ ಕ್ರಮ ಹೀಗಿದೆ: ಅನಹೈಮ್, ಪ್ಯಾರಿಸ್, ಟೋಕಿಯೊ, ಶಾಂಘೈ, ಮ್ಯಾಜಿಕ್ ಕಿಂಗ್‌ಡಂ, ಹಾಂಗ್‌ಕಾಂಗ್.

ಬರೆದು ಮುಗಿಸಿದ ಮೇಲೆ ನನ್ನ ಪಟ್ಟಿಯ ಮೇಲೆ ನನಗೇ ಅನುಮಾನ ಬಂತು. ಅನಹೈಮ್‌ಗೆ ಅಂಕ ಕೊಟ್ಟಿದ್ದು ಅದರ ಇತಿಹಾಸಕ್ಕೆ ಮತ್ತು ರೈಡುಗಳ ಸಂಖ್ಯೆಗೆ. ಪ್ಯಾರಿಸ್‌ಗೆ ಕೊಟ್ಟಿದ್ದು ಅದರ ಚೆಲುವಿಗೆ. ಟೋಕಿಯೊಗೆ ಅಲ್ಲಿನ ನಿರ್ವಹಣೆಗೆ. ಶಾಂಘೈಗೆ ಅಲ್ಲಿನ ತಂತ್ರಜ್ಞಾನಕ್ಕೆ. ಒಂದೊಂದಕ್ಕೆ ಒಂದೊಂದು ಅಳತೆಗೋಲು ಹಿಡಿದರೆ ಅದು ಬರಿಯ ಹೊಗಳಿಕೆಯಾಗುತ್ತದೆಯೇ ಹೊರತು ಶ್ರೇಯಾಂಕವಾಗುವುದಿಲ್ಲ. ಬೇರೆ ಬೇರೆ ಸಂಸ್ಥೆಗಳ ಪಾರ್ಕುಗಳನ್ನು ಹೋಲಿಸುವಾಗ ಈ ತೊಡಕು ಇಷ್ಟು ಕಾಡುವುದಿಲ್ಲ, ಏಕೆಂದರೆ ಅವುಗಳ ಉದ್ದೇಶವೇ ಬೇರೆ. ಇಲ್ಲಿಯಾದರೋ ಆರೂ ಒಂದೇ ಬೇರಿನಿಂದ ಬಂದವು. ಒಂದೇ ಹೆಸರಿನ ರೈಡುಗಳು ನಾಲ್ಕೈದು ಕಡೆ ಇವೆ. ಇವನ್ನು ತೂಗಲು ಒಂದೇ ತಕ್ಕಡಿ ಇದೆಯೇ? ಕೋಟೆ ಪಾರ್ಕುಗಳಷ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪಕ್ಕದ ಎರಡನೆಯ, ಮೂರನೆಯ ಪಾರ್ಕುಗಳು ಬೇಡ.

ಉಕ್ಕಿನಹಳಿ:
ತಕ್ಕಡಿ ಹುಡುಕುವ ಮೊದಲೇ ಹೇಳುತ್ತೇನೆ, ಪ್ಯಾರಿಸ್ ಎರಡನೆಯ ಸ್ಥಾನಕ್ಕೆ ಇಳಿಯಬಾರದು. ಗಣಿ ರೈಲಿನ ರೋಲರ್‌ಕೋಸ್ಟರ್ ಆದ ಬಿಗ್ ಥಂಡರ್ ಮೌಂಟನ್ ನಾಲ್ಕು ಕಡೆ ಇದೆ. ಮೂರು ಕಡೆ ಆ ಬೆಟ್ಟವನ್ನು ಕಟ್ಟಿದ್ದು ನದಿಯ ದಡದ ಮೇಲೆ. ಪ್ಯಾರಿಸ್‌ನಲ್ಲಿ ಮಾತ್ರ ಬೆಟ್ಟವನ್ನು ನದಿಯ ನಡುವಿನ ದ್ವೀಪದಲ್ಲಿ ನಿಲ್ಲಿಸಿದ್ದಾರೆ. ಗಣಿಯ ರೈಲು ದಡದ ನಿಲ್ದಾಣದಿಂದ ಹೊರಟು, ನೀರಿನ ಕೆಳಗಿನ ಸುರಂಗದಲ್ಲಿ ಹಾಯ್ದು ದ್ವೀಪಕ್ಕೆ ಏರುತ್ತದೆ, ಕೊನೆಯಲ್ಲಿ ಮತ್ತೆ ಕತ್ತಲೆಯ ಸುರಂಗದಲ್ಲೇ ಧುಮುಕಿ ದಡಕ್ಕೆ ಮರಳುತ್ತದೆ. ಹಳಿಯ ಮೇಲೆ ಕುಳಿತವರಿಗೂ, ದಡದಲ್ಲಿ ನಿಂತು ನೋಡುವವರಿಗೂ ಅದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೊಂದಿಲ್ಲ.

ಕತ್ತಲೆಯಲ್ಲಿ ಓಡುವ ರೋಲರ್‌ಕೋಸ್ಟರ್ ಆದ ಸ್ಪೇಸ್ ಮೌಂಟನ್ ವಿಷಯದಲ್ಲೂ ಹಾಗೆಯೇ. ಮೊದಲು ಕಟ್ಟಿದ್ದು ಫ್ಲೋರಿಡಾದಲ್ಲಿ, 1975ರಲ್ಲಿ. ಎರಡು ವರ್ಷಗಳ ನಂತರ ಅನಹೈಮ್‌ಗೆ ಬಂತು. ಆ ಎರಡೂ ಕತ್ತಲೆಯ ಬಲದಿಂದ ವೇಗವಿದೆ ಎಂಬ ಭ್ರಮೆ ಹುಟ್ಟಿಸುತ್ತವೆ. 1995ರಲ್ಲಿ ತೆರೆದ ಪ್ಯಾರಿಸ್‌ನದು ಫಿರಂಗಿಯ ಗುಂಡಿನಂತೆ ಎಸೆದು, ಮೂರು ಬಾರಿ ತಲೆಕೆಳಗು ಮಾಡುತ್ತದೆ. ಒಂದೇ ಹೆಸರು ಹೊತ್ತ ರೈಡುಗಳಲ್ಲಿ ಇಷ್ಟು ಅಂತರ ಇರುವಾಗ ತೀರ್ಪು ಕಷ್ಟವಲ್ಲ.

ಹೊಸಬ:
ಟೋಕಿಯೊದ ಎರಡನೆಯ ಪಾರ್ಕಾದ ಡಿಸ್ನಿಸೀಯನ್ನು ಏಕೆ ಬಿಟ್ಟಿದ್ದೀರಿ? ಎಲ್ಲರೂ ಅದನ್ನೇ ಮೊದಲು ಹೊಗಳುತ್ತಾರಲ್ಲವೇ?

ಪಾರ್ಕುಪಯಣಿಗ:
ಹೊಗಳಿಕೆ ನ್ಯಾಯವಾದದ್ದೇ, ಅದನ್ನು ಸೇರಿಸಿದರೆ ಉಳಿದವುಗಳ ಚರ್ಚೆ ಅಲ್ಲಿಗೇ ನಿಂತುಬಿಡುತ್ತದೆ, ಅದಕ್ಕಾಗಿ ಬಿಟ್ಟೆ. 2001ರಲ್ಲಿ ತೆರೆದ ಆ ಪಾರ್ಕಿನಲ್ಲಿ ಕೋಟೆಯ ಜಾಗದಲ್ಲಿ ಜ್ವಾಲಾಮುಖಿ ಇದೆ, ಅದಕ್ಕೆ ಹೋಲಿಸಬಹುದಾದ ಜೋಡಿ ಪಾರ್ಕು ಬೇರೆಲ್ಲೂ ಇಲ್ಲ. ನನ್ನ ಪ್ರಶ್ನೆ ಜೋಡಿಗಳ ಬಗ್ಗೆ.

ಕತೆಗಾರ್ತಿ:
ಜೋಡಿಗಳ ಬಗ್ಗೆ ಎಂದಿರಲ್ಲ, ಉತ್ತರ ಆ ಮಾತಿನಲ್ಲೇ ಇದೆ. ಒಂದೇ ಕಲ್ಪನೆಯನ್ನು ಐದು ಕಡೆ ಹೇಗೆ ಕಟ್ಟಿದರು ಎಂಬುದನ್ನು ನೋಡಿದರೆ ಆ ಪಾರ್ಕಿನ ಬುದ್ಧಿ, ಭಯ, ಧೈರ್ಯ ಎಲ್ಲವೂ ತಿಳಿಯುತ್ತದೆ. ನಾನು ಆರಿಸಿಕೊಳ್ಳುವುದು ದೆವ್ವದ ಮನೆಯನ್ನು.

ಅನಹೈಮ್‌ನಲ್ಲಿ 1969ರಲ್ಲಿ ತೆರೆದ ಹಾಂಟೆಡ್ ಮ್ಯಾನ್ಷನ್ ನ್ಯೂ ಆರ್ಲಿಯನ್ಸ್ ಮಾದರಿಯ ಬಿಳಿ ಬಂಗಲೆ; ಹೊರಗಿನಿಂದ ನೋಡಿದರೆ ಅಚ್ಚುಕಟ್ಟು, ದೆವ್ವಗಳೆಲ್ಲ ಒಳಗೆ. ಫ್ಲೋರಿಡಾದಲ್ಲಿ ಅದೇ ಮನೆಯನ್ನು ಅಮೆರಿಕದ ವಸಾಹತು ಕಾಲವನ್ನು ನೆನಪಿಸುವ ಲಿಬರ್ಟಿ ಸ್ಕ್ವೇರಿಗೆ ಒಯ್ದು, ಕೆಂಪು ಇಟ್ಟಿಗೆಯ ಕಟ್ಟಡವನ್ನಾಗಿ ಮಾಡಿದರು. ಟೋಕಿಯೊದಲ್ಲಿ ಫ್ಲೋರಿಡಾದ ಮನೆಯನ್ನೇ ತಂದು ಫ್ಯಾಂಟಸಿಲ್ಯಾಂಡಿನಲ್ಲಿ ನಿಲ್ಲಿಸಿದರು. ದೆವ್ವ ಅಲ್ಲಿ ಕಾಲ್ಪನಿಕ ಕತೆಯ ಪಾತ್ರವಾಯಿತು. ಪ್ಯಾರಿಸ್‌ನಲ್ಲಿ ಫ್ಯಾಂಟಮ್ ಮ್ಯಾನರ್ ಎಂದು ಹೆಸರು ಬದಲಾಯಿಸಿ, ಗುಡ್ಡದ ಮೇಲೆ ಹಾಳುಬಿದ್ದ ಮನೆಯಾಗಿ ಕಟ್ಟಿ, ಮದುವೆಯ ಉಡುಪಿನಲ್ಲೇ ಕಾಯುತ್ತಾ ಉಳಿದ ವಧುವಿನ ದುರಂತ ಕತೆಯನ್ನು ಅದಕ್ಕೆ ಕೊಟ್ಟು, ಎದುರಿನ ಗಣಿ ಬೆಟ್ಟದ ಕತೆಯೊಂದಿಗೆ ಹೆಣೆದರು. ಉಕ್ಕಿನಹಳಿಯವರು ಹೇಳಿದ ದ್ವೀಪ ಮತ್ತು ಈ ಮನೆ ಎರಡೂ ಒಂದೇ ಊರಿನ ಕತೆಯ ಎರಡು ತುದಿಗಳು. ಪಾರ್ಕೊಂದು ತನ್ನ ಎರಡು ರೈಡುಗಳ ನಡುವೆ ಮಾತುಕತೆ ನಡೆಸುವುದೆಂದರೆ ಇದು.

ಐದನೆಯದು ಹಾಂಗ್‌ಕಾಂಗ್‌ನದು. ಅಲ್ಲಿ ದೆವ್ವಗಳೇ ಇಲ್ಲ. 2013ರಲ್ಲಿ ತೆರೆದ ಮಿಸ್ಟಿಕ್ ಮ್ಯಾನರ್ ಒಬ್ಬ ಸಂಚಾರಿಯ ಸಂಗ್ರಹಾಲಯ. ಅವನ ಸಾಕು ಕೋತಿ ಆಲ್ಬರ್ಟ್ ಕುತೂಹಲದಿಂದ ಒಂದು ಮಾಯಾ ಸಂಗೀತ ಪೆಟ್ಟಿಗೆಯನ್ನು ತೆರೆದಾಗ ಕೋಣೆಕೋಣೆಯ ವಸ್ತುಗಳಿಗೆಲ್ಲ ಜೀವ ಬರುತ್ತದೆ. ಸಂಗೀತ ಡ್ಯಾನಿ ಎಲ್ಫ್‌ಮನ್ ಅವರದು. ಗಾಡಿಗಳಿಗೆ ನೆಲದಲ್ಲಿ ಹಳಿಯಿಲ್ಲ, ಆದ್ದರಿಂದ ಅವು ಒಂದನ್ನೊಂದು ದಾಟಿ ಬೇರೆ ಬೇರೆ ಮೂಲೆಗಳಿಗೆ ಹೋಗುತ್ತವೆ. ಇಂಥದ್ದನ್ನು ಇಟ್ಟುಕೊಂಡ ಪಾರ್ಕನ್ನು ಪಟ್ಟಿಯ ತಳಕ್ಕೆ ತಳ್ಳಿದ್ದೀರಿ. ನನಗೆ ಅದು ಒಪ್ಪಿಗೆಯಿಲ್ಲ.

ಯಂತ್ರಶಾಲೆ:
ಕತೆಗಾರ್ತಿಯವರ ಮಾತಿಗೆ ಒಂದು ಸೇರ್ಪಡೆ. ಆ ಮನೆಗಳಲ್ಲಿ ಗೋಡೆ ಉದ್ದವಾಗುವ ಕೋಣೆ ಇದೆಯಲ್ಲ, ಅದು ನಾಲ್ಕು ಕಡೆಯೂ ಒಂದೇ ರೀತಿ ಕಾಣುತ್ತದೆ, ಆದರೆ ಕೆಲಸ ಮಾಡುವ ರೀತಿ ಎರಡು ಬಗೆಯದು. ಅನಹೈಮ್‌ನಲ್ಲಿ ಜಾಗ ಸಾಲದೆ ರೈಡಿನ ಮುಖ್ಯ ಕಟ್ಟಡವನ್ನು ಪಾರ್ಕನ್ನು ಸುತ್ತುವರಿದ ರೈಲು ಹಳಿಯ ಆಚೆ ಕಟ್ಟಬೇಕಾಯಿತು. ಜನರನ್ನು ಹಳಿಯ ಅಡಿಯಿಂದ ದಾಟಿಸಲು ಆ ಕೋಣೆಯನ್ನೇ ಲಿಫ್ಟ್ ಮಾಡಿದರು. ನಿಮ್ಮ ಕಾಲಡಿಯ ನೆಲ ನಿಜವಾಗಿಯೂ ಕೆಳಗಿಳಿಯುತ್ತದೆ. ಫ್ಲೋರಿಡಾದಲ್ಲಿ ಜಾಗಕ್ಕೆ ಕೊರತೆಯಿರಲಿಲ್ಲ, ಇಳಿಯುವ ಅಗತ್ಯವೂ ಇರಲಿಲ್ಲ. ಆದರೂ ಆ ಅನುಭವ ಜನರಿಗೆ ಬೇಕಿತ್ತು, ಆದ್ದರಿಂದ ಅಲ್ಲಿ ನೆಲ ನಿಂತಲ್ಲೇ ಇದ್ದು ಚಾವಣಿ ಮೇಲೇರುತ್ತದೆ. ಟೋಕಿಯೊದಲ್ಲಿ ಫ್ಲೋರಿಡಾದಂತೆ, ಪ್ಯಾರಿಸ್‌ನಲ್ಲಿ ಅನಹೈಮ್‌ನಂತೆ.

ಈಗ ಮ್ಯಾಜಿಕ್ ಕಿಂಗ್‌ಡಂ ಪರವಾಗಿ ನನ್ನ ವಾದ. ಐದನೆಯ ಸ್ಥಾನ ಕೊಡುವವರು ಅದನ್ನು ಮೇಲಿನಿಂದ ಮಾತ್ರ ನೋಡಿದ್ದಾರೆ. ಆ ಪಾರ್ಕಿನ ಕೆಳಗೆ ಇನ್ನೊಂದು ಲೋಕವೇ ಇದೆ. ಅನಹೈಮ್‌ನಲ್ಲಿ ಕೌಬಾಯ್ ವೇಷದ ನೌಕರನೊಬ್ಬ ಭವಿಷ್ಯದ ಲೋಕವಾದ ಟುಮಾರೊಲ್ಯಾಂಡಿನ ನಡುವೆ ನಡೆದು ಹೋಗುವುದನ್ನು ಕಂಡು ವಾಲ್ಟ್ ಡಿಸ್ನಿ ಅವರಿಗೆ ಬೇಸರವಾಗಿತ್ತೆಂದು ಹೇಳುತ್ತಾರೆ. ಫ್ಲೋರಿಡಾದಲ್ಲಿ ಅದಕ್ಕೆ ಪರಿಹಾರವಾಗಿ ನೌಕರರ ಓಡಾಟ, ಸರಕು, ಕಸ ಎಲ್ಲದಕ್ಕೂ ಸುರಂಗಗಳ ಜಾಲವನ್ನು ಕಟ್ಟಿದರು. ಆದರೆ ಅಲ್ಲಿ ಸ್ವಲ್ಪ ಅಗೆದರೂ ನೀರು ಬರುತ್ತದೆ. ಆದ್ದರಿಂದ ಸುರಂಗಗಳನ್ನು ನೆಲಮಟ್ಟದಲ್ಲೇ ಕಟ್ಟಿ, ಎದುರಿನ ಸೆವೆನ್ ಸೀಸ್ ಸರೋವರವನ್ನು ತೋಡಿದಾಗ ಬಂದ ಮಣ್ಣನ್ನು ಸುತ್ತಲೂ ತುಂಬಿ, ಅದರ ಮೇಲೆ ಪಾರ್ಕನ್ನು ನಿಲ್ಲಿಸಿದರು. ಅಂದರೆ ನೀವು ಅಲ್ಲಿ ನಡೆದಾಡುವುದು ಎರಡನೆಯ ಅಂತಸ್ತಿನಲ್ಲಿ. ಈ ಆರರಲ್ಲಿ ಇಷ್ಟು ದೊಡ್ಡ ಎಂಜಿನಿಯರಿಂಗ್ ಸಾಹಸ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಉಕ್ಕಿನಹಳಿ:
ಸುರಂಗ ಅದ್ಭುತವೇ ಸರಿ, ಆದರೆ ಬಂದವರಿಗೆ ಅದು ಕಾಣುವುದಿಲ್ಲ. ಕಾಣದ ಗುಣಕ್ಕೆ ಪಟ್ಟಿಯಲ್ಲಿ ಅಂಕ ಹೇಗೆ ಕೊಡುವುದು?

ಯಂತ್ರಶಾಲೆ:
ಕಾಣದೆ ಇರುವುದೇ ಅದರ ಫಲ. ಕೌಬಾಯ್ ಭವಿಷ್ಯದ ಲೋಕದಲ್ಲಿ ಕಾಣಿಸಿಕೊಳ್ಳುವುದಿಲ್ಲ, ಕಸದ ಗಾಡಿ ಮೆರವಣಿಗೆಯ ದಾರಿಗೆ ಅಡ್ಡ ಬರುವುದಿಲ್ಲ. 2023ರಲ್ಲಿ ಆ ಪಾರ್ಕಿಗೆ 1.7 ಕೋಟಿಗೂ ಹೆಚ್ಚು ಜನ ಬಂದರೆಂಬ ಅಂದಾಜಿದೆ. ಅಷ್ಟು ಜನರ ನಡುವೆಯೂ ತೆರೆಮರೆಯ ಕೆಲಸ ಕಣ್ಣಿಗೆ ಬೀಳದೆ ನಡೆಯುವುದಕ್ಕೆ ಅಂಕ ಕೊಡಲೇಬೇಕು.

ಇಬ್ಬರಮ್ಮ:
ನೀವೆಲ್ಲರೂ ಒಬ್ಬರೇ ಹೋದವರಂತೆ ಮಾತನಾಡುತ್ತಿದ್ದೀರಿ. ನಾನು ನಾಲ್ಕು ಮತ್ತು ಏಳು ವರ್ಷದ ಇಬ್ಬರು ಮಕ್ಕಳೊಂದಿಗೆ ಇವುಗಳಲ್ಲಿ ಮೂರನ್ನು ನೋಡಿದ್ದೇನೆ, ನನ್ನ ಅಳತೆಗೋಲು ಬೇರೆಯೇ ಆಗಿದೆ: ಬಾಗಿಲಿಗೆ ಬಂದ ಮೇಲೆ ಮೊದಲ ರೈಡಿನಲ್ಲಿ ಕೂರುವವರೆಗೆ ಎಷ್ಟು ಹೊತ್ತು, ಕೂತು ಸುಧಾರಿಸಿಕೊಳ್ಳಲು ನೆರಳಿದೆಯೇ, ಚಿಕ್ಕವನಿಗೆ ಎತ್ತರ ಸಾಲದೆ ಹೋದಾಗ ದೊಡ್ಡವಳು ಏನು ಮಾಡಬೇಕು.

ಮ್ಯಾಜಿಕ್ ಕಿಂಗ್‌ಡಂನಲ್ಲಿ ಕಾರು ನಿಲ್ಲಿಸಿದ ಮೇಲೆ ಸರೋವರದ ಆಚೆಗಿರುವ ಪಾರ್ಕಿಗೆ ಮಾನೊರೈಲಿನಲ್ಲೋ ದೋಣಿಯಲ್ಲೋ ಹೋಗಬೇಕು. ದೊಡ್ಡವರಿಗೆ ಅದು ಕೋಟೆಯನ್ನು ದೂರದಿಂದ ಕಾಣುತ್ತಾ ಬರುವ ಸೊಗಸಾದ ಪೀಠಿಕೆ. ನಾಲ್ಕು ವರ್ಷದ ಮಗುವಿಗೆ ಅದು ಇನ್ನೊಂದು ಕಾಯುವಿಕೆ. ಆದರೆ ಒಳಗೆ ಹೋದ ಮೇಲೆ ಕುಳಿತು ಸುತ್ತುವ ರೈಡುಗಳು ಅಲ್ಲಿ ಧಾರಾಳವಾಗಿವೆ. ಎತ್ತರದ ಹಳಿಯ ಮೇಲೆ ನಿಧಾನವಾಗಿ ಸುತ್ತುವ ಪೀಪಲ್‌ಮೂವರ್ ಗಾಡಿ ಅನಹೈಮ್‌ನಲ್ಲಿ 1995ರಲ್ಲೇ ನಿಂತುಹೋಯಿತು, ಅಲ್ಲಿ ಇನ್ನೂ ಓಡುತ್ತಿದೆ. ಎತ್ತರದ ನಿರ್ಬಂಧವಿಲ್ಲ, ಗಾಳಿ ಬೀಸುತ್ತದೆ, ಸ್ಪೇಸ್ ಮೌಂಟನ್ನಿನ ಒಳಗನ್ನೂ ಇಣುಕಿ ನೋಡಬಹುದು. ನನ್ನ ಮಗ ಅದರಲ್ಲಿ ಐದು ಬಾರಿ ಕುಳಿತ.

ಹಾಂಗ್‌ಕಾಂಗ್ ಚಿಕ್ಕದು ಎಂದು ಎಲ್ಲರೂ ದೂರುತ್ತಾರೆ. ಚಿಕ್ಕದಾಗಿರುವುದೇ ನಮಗೆ ವರವಾಯಿತು. ಒಂದು ದಿನದಲ್ಲಿ ನಾವು ಬಯಸಿದ್ದೆಲ್ಲವನ್ನೂ ನೋಡಿ, ಮಕ್ಕಳು ಅಳದೆ ಹೊರಬಂದ ಪಾರ್ಕು ಅದೊಂದೇ. ಕತೆಗಾರ್ತಿಯವರಿಗೆ ನನ್ನ ಬೆಂಬಲ.

ಮೂರನೇಸಾಲು:
ಎಲ್ಲರೂ ಒಂದೇ ಸಂಸ್ಥೆ ಎನ್ನುತ್ತಿದ್ದೀರಿ, ಆದರೆ ಇವು ಒಂದೇ ಮಾಲೀಕರ ಕೈಯಲ್ಲಿಲ್ಲ. ಅಮೆರಿಕದ ಎರಡು ಪೂರ್ತಿಯಾಗಿ ಡಿಸ್ನಿಯವು. ಟೋಕಿಯೊ ಡಿಸ್ನಿಯದೇ ಅಲ್ಲ. ಓರಿಯೆಂಟಲ್ ಲ್ಯಾಂಡ್ ಕಂಪನಿ ಅದರ ಮಾಲೀಕ ಮತ್ತು ನಿರ್ವಾಹಕ, ಡಿಸ್ನಿಗೆ ಹೋಗುವುದು ಪರವಾನಗಿಯ ರಾಯಧನ. ಹಾಂಗ್‌ಕಾಂಗ್‌ನಲ್ಲಿ ಅಲ್ಲಿನ ಸರ್ಕಾರದ ಪಾಲೇ ಹೆಚ್ಚು. ಶಾಂಘೈಯಲ್ಲಿ ಶೇ 57ರಷ್ಟು ಪಾಲು ಸರ್ಕಾರಿ ಒಡೆತನದ ಶೆಂಡಿ ಸಮೂಹದ್ದು, ಶೇ 43 ಡಿಸ್ನಿಯದು. ಪ್ಯಾರಿಸ್ ಬಹುಕಾಲ ಸಾಲದ ಹೊರೆಯಲ್ಲಿ ನಲುಗಿ, 2017ರಲ್ಲಿ ಡಿಸ್ನಿಯ ಕೈಗೆ ಪೂರ್ತಿಯಾಗಿ ಬಂತು.

ಪಟ್ಟಿಯಲ್ಲಿನ ಏರಿಳಿತಗಳ ಬೇರು ಇಲ್ಲಿದೆ. ಮಾಲೀಕರಿಗೆ ಆ ಪಾರ್ಕೇ ಸರ್ವಸ್ವವಾದಾಗ ಅದರ ಆರೈಕೆ ಬೇರೆ ರೀತಿ ಇರುತ್ತದೆ. ಟೋಕಿಯೊದವರಿಗೆ ಬೇರೆ ಊರಿನ ಪಾರ್ಕುಗಳ ಚಿಂತೆಯಿಲ್ಲ. ಗಳಿಸಿದ್ದನ್ನು ಅಲ್ಲೇ ತೊಡಗಿಸುತ್ತಾರೆ. 2000ದಲ್ಲಿ ಅವರು ಕಟ್ಟಿಸಿದ ಪೂಸ್ ಹನಿ ಹಂಟ್ ರೈಡಿನಲ್ಲಿ ಜೇನಿನ ಮಡಕೆಗಳು ಹಳಿಯಿಲ್ಲದ ನೆಲದ ಮೇಲೆ ಒಂದರ ಸುತ್ತ ಒಂದು ಸುತ್ತುತ್ತವೆ. ಇದೇ ಪೂ ಕರಡಿಯ ಕತೆಗೆ ಅಮೆರಿಕದ ಎರಡು ಪಾರ್ಕುಗಳಲ್ಲಿ ಸಾಧಾರಣ ಹಳಿಯ ಗಾಡಿಗಳೇ ಗತಿಯಾದವು. ಒಂದೇ ಕತೆ, ಒಂದೇ ಪಾತ್ರಗಳು. ವ್ಯತ್ಯಾಸವಿರುವುದು ಖರ್ಚು ಮಾಡುವವರ ಮನಸ್ಸಿನಲ್ಲಿ. 2020ರಲ್ಲಿ ತೆರೆದ ಬ್ಯೂಟಿ ಅಂಡ್ ದ ಬೀಸ್ಟ್ ರೈಡಿನಲ್ಲೂ ಅದೇ ಧಾರಾಳತನವಿದೆ. ನನ್ನ ಪಟ್ಟಿಯಲ್ಲಿ ಟೋಕಿಯೊ ಮೊದಲು, ಉಳಿದವು ಆಮೇಲೆ.

ಉಕ್ಕಿನಹಳಿ:
ನಿರ್ವಹಣೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಟೋಕಿಯೊದ ಕೋಟೆ ಫ್ಲೋರಿಡಾದ ಸಿಂಡರೆಲ್ಲಾ ಕೋಟೆಯ ನಕಲು. ದೆವ್ವದ ಮನೆ ಫ್ಲೋರಿಡಾದ್ದು. ಪಾರ್ಕಿನ ವಿನ್ಯಾಸವೂ ಹೆಚ್ಚು ಕಡಿಮೆ ಫ್ಲೋರಿಡಾದ್ದೇ. ಅಲ್ಲಿಯ ಸ್ಪೇಸ್ ಮೌಂಟನ್ನನ್ನು 2024ರ ಜುಲೈಯಲ್ಲಿ ಮುಚ್ಚಿ, ಹೊಸದನ್ನು ಕಟ್ಟಲು ಕೈಹಾಕಿದ್ದಾರೆ. ತೆರೆಯುವ ಗುರಿ 2027. ಎರಡು ಉತ್ತಮ ರೈಡುಗಳ ಬಲದ ಮೇಲೆ, ಉಳಿದದ್ದೆಲ್ಲ ನಕಲಾಗಿರುವ ಪಾರ್ಕಿಗೆ ಮೊದಲ ಸ್ಥಾನ ಕೊಡಲಾಗದು.

ಮೂರನೇಸಾಲು:
ನಕಲು ಎನ್ನುವಾಗ ಒಂದನ್ನು ಮರೆಯಬೇಡಿ. ಉಳಿದ ಪಾರ್ಕುಗಳಲ್ಲಿ ಬಯಲಾಗಿರುವ ಮುಖ್ಯ ಬೀದಿಯನ್ನು ಟೋಕಿಯೊದಲ್ಲಿ ಮಳೆಗಾಗಿ ಗಾಜಿನ ಚಾವಣಿಯಿಂದ ಮುಚ್ಚಿ ವರ್ಲ್ಡ್ ಬಜಾರ್ ಮಾಡಿದರು. ನಕಲು ಮಾಡಿದವರಿಗೆ ತಮ್ಮ ಆಕಾಶ ಹೇಗಿದೆ ಎಂಬುದು ನೆನಪಿತ್ತು.

ಪಾರ್ಕುಪಯಣಿಗ:
ಪ್ಯಾರಿಸ್‌ನವರು ಅದೇ ಸಮಸ್ಯೆಗೆ ಇನ್ನೊಂದು ಉತ್ತರ ಕಂಡುಕೊಂಡರು. ಬೀದಿಯನ್ನು ತೆರೆದೇ ಇಟ್ಟು, ಅಂಗಡಿಗಳ ಹಿಂಭಾಗದಲ್ಲಿ ಎರಡೂ ಬದಿಗೆ ಚಾವಣಿಯುಳ್ಳ ಓಣಿಗಳನ್ನು ಕಟ್ಟಿದರು. ಮಳೆ ಬಂದ ದಿನ ನಾನು ಆ ಓಣಿಯಲ್ಲೇ ಕೋಟೆಯ ಹತ್ತಿರದವರೆಗೆ ನಡೆದೆ. ಮುಖ್ಯ ಬೀದಿಯಿಂದ ಕೋಟೆ ಕಾಣುವ ನೋಟವೂ ಉಳಿಯಿತು, ಜನರೂ ನೆನೆಯಲಿಲ್ಲ. ಈ ಎರಡರಲ್ಲಿ ನನಗೆ ಮೆಚ್ಚುಗೆಯಾದದ್ದು ಪ್ಯಾರಿಸ್‌ನದು.

ನಿಧಾನನಡಿಗೆ:
ನಾನು ಅನಹೈಮ್ ಪರವಾಗಿ ಬರೆಯುತ್ತೇನೆ. ಬೇರೆಯವರು ಅದನ್ನು ಒಂದನೆಯ ಸ್ಥಾನದಲ್ಲಿ ಇಟ್ಟೂ ಕಾರಣ ಹೇಳದೆ ಮುಂದೆ ಹೋಗಿದ್ದಾರೆ. 'ಇತಿಹಾಸ' ಎಂಬ ಒಂದು ಪದದಲ್ಲಿ ಅದನ್ನು ಮುಗಿಸಬಾರದು.

ವಾಲ್ಟ್ ಡಿಸ್ನಿ ಅವರು ಬದುಕಿದ್ದಾಗ ತೆರೆದ ಪಾರ್ಕು ಇದೊಂದೇ. ಅದರ ಕೋಟೆಯ ಎತ್ತರ ಕೇವಲ 77 ಅಡಿ. ಫ್ಲೋರಿಡಾದ್ದು 189 ಅಡಿ. ಮೊದಲ ಬಾರಿ ನೋಡಿದವರು, ಅದರಲ್ಲೂ ಫ್ಲೋರಿಡಾ ನೋಡಿ ಬಂದವರು, ಇಷ್ಟೇ ಏನು ಎಂದು ನಿರಾಶರಾಗುತ್ತಾರೆ. ಆದರೆ ಆ ಪಾರ್ಕಿನಲ್ಲಿ ಎಲ್ಲವೂ ಮನುಷ್ಯನ ಅಳತೆಗೆ ಕಟ್ಟಿದ್ದು. ಮೇಲೆ ಹೋದಂತೆ ಕಲ್ಲುಗಳ ಗಾತ್ರವನ್ನು ಕಿರಿದು ಮಾಡಿ ಕೋಟೆಯನ್ನು ಎತ್ತರವಾಗಿ ಕಾಣಿಸಿದ್ದಾರೆ. ಒಂದು ಮೂಲೆಯಿಂದ ಇನ್ನೊಂದಕ್ಕೆ ನಡೆದು ಹೋಗುವಾಗ ಐದು ನಿಮಿಷದಲ್ಲಿ ಕಾಡು, ಹಳೆಯ ಊರು, ನದಿ ಎಲ್ಲವನ್ನೂ ದಾಟುತ್ತೀರಿ. ಜಾಗವಿಲ್ಲದ ಕಾರಣದಿಂದಲೇ ಆ ಒತ್ತಾದ ನೇಯ್ಗೆ ಬಂದಿದೆ. ಜಾಗ ಹೇರಳವಾಗಿದ್ದ ಫ್ಲೋರಿಡಾದಲ್ಲಿ ಅದೇ ಬಟ್ಟೆ ಸಡಿಲವಾಯಿತು.

ಇನ್ನು ಪೈರೇಟ್ಸ್ ಆಫ್ ದ ಕೆರಿಬಿಯನ್. 1967ರ ಮಾರ್ಚ್‌ನಲ್ಲಿ, ವಾಲ್ಟ್ ಅವರು ತೀರಿಹೋದ ಮೂರು ತಿಂಗಳಿಗೆ ತೆರೆಯಿತು. ಜೌಗು ನೀರಿನ ಸಂಜೆಯಲ್ಲಿ ದೋಣಿ ನಿಧಾನವಾಗಿ ಹೊರಡುತ್ತದೆ, ಎರಡು ಬಾರಿ ಕತ್ತಲೆಯೊಳಕ್ಕೆ ಜಾರುತ್ತದೆ, ಗುಹೆಗಳಲ್ಲಿ ಅಸ್ಥಿಪಂಜರಗಳ ನಡುವೆ ಬಹಳ ಹೊತ್ತು ತೇಲುತ್ತದೆ, ಆಮೇಲೆ ಊರು ಕಾಣಿಸುತ್ತದೆ. ಒಟ್ಟು ಸುಮಾರು ಹದಿನೈದು ನಿಮಿಷ. ಫ್ಲೋರಿಡಾದಲ್ಲಿ, ನಿಜವಾದ ಕೆರಿಬಿಯನ್ ಹತ್ತಿರವೇ ಇರುವಾಗ ಜನ ಇದನ್ನು ಕೇಳಲಾರರೆಂದು ಆರಂಭದಲ್ಲಿ ಕಟ್ಟಲೇ ಇಲ್ಲ. ಬಂದವರು ಕೇಳಿಕೇಳಿ ಬೇಸತ್ತ ಮೇಲೆ 1973ರಲ್ಲಿ ತೆರೆದರು. ಅವಸರದಲ್ಲಿ ಕಟ್ಟಿದ್ದರಿಂದ ಅದು ಮೊಟಕಾಯಿತು. ಜಾರುವುದು ಒಂದೇ ಬಾರಿ, ಹೊತ್ತು ಸುಮಾರು ಅರ್ಧ. ಒಂದೇ ರೈಡಿನ ಈ ಎರಡು ರೂಪಗಳಲ್ಲಿ ಕುಳಿತವರಿಗೆ ಆ ಎರಡು ಪಾರ್ಕುಗಳ ಸ್ಥಾನದ ಬಗ್ಗೆ ಸಂಶಯ ಉಳಿಯುವುದಿಲ್ಲ.

ಹೊಸಬ:
ಹಾಗಾದರೆ ಪೈರೇಟ್ಸ್ ಎಲ್ಲ ಕಡೆಯೂ ಇದೆಯೇ? ಅದನ್ನೇ ತಕ್ಕಡಿ ಮಾಡಿಕೊಳ್ಳಬಹುದಲ್ಲ?

ಯಂತ್ರಶಾಲೆ:
ಹಾಂಗ್‌ಕಾಂಗ್‌ನಲ್ಲಿ ಇಲ್ಲ. ಉಳಿದ ಐದರಲ್ಲಿ ಇದೆ, ಆದರೆ ಶಾಂಘೈಯದನ್ನು ಅದೇ ರೈಡು ಎನ್ನುವುದು ಕಷ್ಟ. ಉಳಿದ ಕಡೆ ದೋಣಿಯನ್ನು ನೀರಿನ ಹರಿವು ಒಯ್ಯುತ್ತದೆ. ಶಾಂಘೈಯಲ್ಲಿ ನೀರಿನಡಿಯ ಕಾಂತೀಯ ವ್ಯವಸ್ಥೆ ದೋಣಿಯನ್ನು ಹಿಡಿದು ನಡೆಸುತ್ತದೆ. ದೋಣಿ ಅಡ್ಡ ತಿರುಗುತ್ತದೆ, ಹಿಂದಕ್ಕೆ ಸರಿಯುತ್ತದೆ, ನಿರ್ದೇಶಕರು ತೋರಿಸಬಯಸಿದ ಕಡೆಗೇ ನಿಮ್ಮ ಮುಖವನ್ನು ತಿರುಗಿಸುತ್ತದೆ. ಭಾರಿ ಗುಮ್ಮಟದಂಥ ಪರದೆಗಳ ಮುಂದೆ ನಿಮ್ಮನ್ನು ಸಮುದ್ರದ ತಳಕ್ಕೆ ಇಳಿಸಿ, ಮತ್ತೆ ಎರಡು ಹಡಗುಗಳ ಕಾಳಗದ ನಡುವೆ ಏಳಿಸುತ್ತಾರೆ. ಸೆಟ್ಟು ಎಲ್ಲಿ ಮುಗಿದು ಪರದೆ ಎಲ್ಲಿ ಆರಂಭವಾಯಿತೆಂದು ಮೂರನೆಯ ಬಾರಿ ಕುಳಿತಾಗಲೂ ನನಗೆ ಗೊತ್ತಾಗಲಿಲ್ಲ.

ಪ್ಯಾರಿಸ್‌ನದು ಕ್ರಮವನ್ನೇ ಬದಲಿಸಿದೆ. ದೋಣಿ ಮೊದಲು ಕೋಟೆಯೊಳಕ್ಕೆ ಏರುತ್ತದೆ, ಕಾಳಗ ಮೊದಲು ಬರುತ್ತದೆ, ಅಸ್ಥಿಪಂಜರಗಳು ಕೊನೆಗೆ. ಮಾಡಿದ ಪಾಪಕ್ಕೆ ಸಿಕ್ಕ ಫಲ ಕೊನೆಯಲ್ಲಿ ಬರುವುದರಿಂದ ಕತೆಯ ತರ್ಕ ಅಲ್ಲಿ ಹೆಚ್ಚು ಗಟ್ಟಿಯಾಗಿದೆ.

ಕತೆಗಾರ್ತಿ:
ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ, ಯಂತ್ರಶಾಲೆಯವರೇ. ಅನಹೈಮ್‌ನಲ್ಲಿ ಅಸ್ಥಿಪಂಜರಗಳನ್ನು ಮೊದಲು ಕಂಡವರಿಗೆ ಆಮೇಲೆ ಬರುವ ಕಳ್ಳರ ಹಾಡು ಕುಣಿತಗಳೆಲ್ಲ ಸತ್ತವರ ನೆನಪುಗಳಂತೆ ಕಾಣುತ್ತವೆ. ಅವರ ಅಂತ್ಯ ಏನೆಂದು ತಿಳಿದ ಮೇಲೆ ಅವರ ಸಂಭ್ರಮವನ್ನು ನೋಡುತ್ತೇವೆ. ಪ್ಯಾರಿಸ್‌ನ ಕ್ರಮ ತೀರ್ಪು ಕೊಡುತ್ತದೆ. ಅನಹೈಮ್‌ನ ಕ್ರಮ ಕಾಡುತ್ತದೆ.

ನಿಧಾನನಡಿಗೆ:
ಇದನ್ನು ಹೇಳಲು ನನಗೆ ಪದ ಸಿಕ್ಕಿರಲಿಲ್ಲ. ಧನ್ಯವಾದಗಳು.

ಉಕ್ಕಿನಹಳಿ:
ಶಾಂಘೈ ಬಗ್ಗೆ ಇನ್ನೂ ಎರಡು ಮಾತು. ಅಲ್ಲಿ ಸ್ಪೇಸ್ ಮೌಂಟನ್ ಇಲ್ಲ, ದೆವ್ವದ ಮನೆ ಇಲ್ಲ, ಪಾರ್ಕನ್ನು ಸುತ್ತುವ ರೈಲು ಇಲ್ಲ. ಬದಲಿಗೆ, ಬೈಕಿನ ಮೇಲೆ ಮುಂದಕ್ಕೆ ಬಾಗಿ ಕೂರುವ ಟ್ರಾನ್ ಕೋಸ್ಟರ್ ಮೊದಲು ಬಂದದ್ದು ಅಲ್ಲಿ. ಫ್ಲೋರಿಡಾ ಅದನ್ನು 2023ರಲ್ಲಿ ಪಡೆಯಿತು. ನಲವತ್ತು ವರ್ಷ ಅಮೆರಿಕದಿಂದ ಹೊರಕ್ಕೆ ಹೋಗುತ್ತಿದ್ದ ರೈಡುಗಳು ದಿಕ್ಕು ಬದಲಿಸಿ ಒಳಕ್ಕೆ ಬಂದದ್ದು ಸಣ್ಣ ವಿಷಯವಲ್ಲ.

ಪಾರ್ಕುಪಯಣಿಗ:
ಅದು ಸತ್ಯ. ಆದರೆ ಶಾಂಘೈಯಲ್ಲಿ ನನಗೆ ಕೊರತೆಯಾಗಿ ಕಂಡದ್ದು ಅದರ ಸಾಂದ್ರತೆ. ಆ ಪೈರೇಟ್ಸ್ ಮತ್ತು ಟ್ರಾನ್ ನಡುವೆ ತುಂಬ ದೂರ ನಡೆಯಬೇಕು. ಅಗಲವಾದ ದಾರಿಗಳು, ದೊಡ್ಡ ಕೋಟೆ, ಮುಂದೆ ವಿಶಾಲವಾದ ಉದ್ಯಾನ; ಅಷ್ಟು ಜನಸಂದಣಿಗೆ ಆ ಅಗಲ ಬೇಕೇ ಬೇಕು, ಒಪ್ಪುತ್ತೇನೆ. ನಿಧಾನನಡಿಗೆಯವರು ಹೇಳಿದ ಒತ್ತಾದ ನೇಯ್ಗೆ ಮಾತ್ರ ಅಲ್ಲಿಲ್ಲ. ಎರಡು ಅತ್ಯುತ್ತಮ ರೈಡುಗಳು ಒಂದು ಪಾರ್ಕನ್ನು ಎಷ್ಟು ಎತ್ತರಕ್ಕೆ ಒಯ್ಯಬಲ್ಲವು ಎಂಬುದೇ ನನ್ನ ತೊಡಕು.

ಇಬ್ಬರಮ್ಮ:
ಇನ್ನೊಂದು ಸಂಗತಿಯನ್ನು ಯಾರೂ ಎತ್ತಿಲ್ಲ. ಒಂದು ಪಾರ್ಕಿನಲ್ಲಿ (ಯಾವುದೆಂದು ಹೇಳುವುದಿಲ್ಲ, ಈ ಆರರಲ್ಲಿ ಸೇರಿದ್ದಲ್ಲ) ನಾವು ಹೋದ ದಿನ ಮಗಳು ಆರು ತಿಂಗಳಿನಿಂದ ಕಾಯುತ್ತಿದ್ದ ರೈಡು ಮಧ್ಯಾಹ್ನ ಕೆಟ್ಟು ನಿಂತಿತು. ಸರದಿಯಲ್ಲಿ ಒಂದೂವರೆ ಗಂಟೆ ನಿಂತ ಮೇಲೆ ಹಿಂದಕ್ಕೆ ಕಳಿಸಿದರು. ಅವಳ ಅಳು ಇನ್ನೂ ನನ್ನ ಕಿವಿಯಲ್ಲಿದೆ. ಆ ಪಾರ್ಕಿಗೆ ನಾನು ಕೊಡುವ ಅಂಕ ಪಾರ್ಕಿಗೆ ಕೊಟ್ಟದ್ದೋ, ಆ ದಿನಕ್ಕೆ ಕೊಟ್ಟದ್ದೋ ಎಂದು ನನಗೇ ತಿಳಿಯುವುದಿಲ್ಲ. ಒಮ್ಮೆ ಮಾತ್ರ ನೋಡಿದ ಪಾರ್ಕನ್ನು ಹತ್ತು ಸಲ ನೋಡಿದ ಪಾರ್ಕಿನ ಪಕ್ಕದಲ್ಲಿಟ್ಟು ಅಂಕ ಕೊಡುವುದು ಸರಿಯೇ?

ಮೂರನೇಸಾಲು:
ಸರಿಯಲ್ಲ, ಅದಕ್ಕೇ ನಾನು ನಿರ್ವಹಣೆಗೆ ಹೆಚ್ಚು ತೂಕ ಕೊಡುವುದು. ದಿನಗಳ ಅದೃಷ್ಟವನ್ನು ಕಡಿಮೆ ಮಾಡುವುದೇ ನಿರ್ವಹಣೆ.

ಕತೆಗಾರ್ತಿ:
ಸರದಿಯ ಮಾತು ಬಂದದ್ದರಿಂದ ಹೇಳುತ್ತೇನೆ. 1999ರಲ್ಲಿ ಆರಂಭವಾದ, ಉದ್ದದ ಸರದಿ ತಪ್ಪಿಸುವ ಫಾಸ್ಟ್‌ಪಾಸ್ ಚೀಟಿ ಉಚಿತವಾಗಿತ್ತು. ಈಗ ಅಮೆರಿಕದ ಎರಡೂ ಪಾರ್ಕುಗಳಲ್ಲಿ ಅದರ ಜಾಗಕ್ಕೆ ಹಣ ಕೊಟ್ಟು ಪಡೆಯುವ ಸಾಲು ಬಂದಿದೆ, ಟೋಕಿಯೊದಲ್ಲೂ 2022ರಿಂದ ಅಂಥದ್ದೇ ಒಂದು ಇದೆ. ಹಳೆಯ ನೆನಪಿನ ಮೇಲೆ ಅಂಕ ಕೊಡುವವರು ಇಂದಿನ ದಿನವನ್ನು ಅಳೆಯುತ್ತಿಲ್ಲ. ನನ್ನ ಪ್ಯಾರಿಸ್ ಕೂಡ ಹಳೆಯ ನೆನಪೇ, ಅದನ್ನು ಒಪ್ಪಿಕೊಳ್ಳಬೇಕು. ಜೂಲ್ಸ್ ವರ್ನ್ ಕಲ್ಪನೆಯ ಮೇಲೆ ಕಟ್ಟಿದ ಆ ಹಿತ್ತಾಳೆಯ ಬಣ್ಣದ ಸ್ಪೇಸ್ ಮೌಂಟನ್ನಿನ ಒಳಗೆ 2017ರಿಂದ ಸ್ಟಾರ್ ವಾರ್ಸ್ ನಡೆಯುತ್ತಿದೆ. ಹೊರಗಿನ ಚೆಲುವಿಗೂ ಒಳಗಿನ ಕತೆಗೂ ಸಂಬಂಧ ತಪ್ಪಿದೆ.

ಉಕ್ಕಿನಹಳಿ:
ಅದು ನನಗೂ ನೋವಿನ ವಿಷಯ. ಹಳಿ ಅದೇ, ತಿರುವು ಅದೇ. ಆದರೂ ಫಿರಂಗಿಯಿಂದ ಚಂದ್ರನಿಗೆ ಹಾರುತ್ತಿದ್ದೇವೆ ಎಂಬ ಭಾವ ಹೋಯಿತು.

ಪಾರ್ಕುಪಯಣಿಗ:
ಎಲ್ಲರ ಮಾತನ್ನೂ ಎರಡು ಬಾರಿ ಓದಿದ ಮೇಲೆ ನನ್ನ ಪಟ್ಟಿಯನ್ನು ತಿದ್ದಿದ್ದೇನೆ. ನನಗೆ ಸಿಕ್ಕ ತಕ್ಕಡಿ ಇದು: ಮೂಲದಿಂದ ಪಡೆದದ್ದನ್ನು ತನ್ನ ನೆಲಕ್ಕೆ, ತನ್ನ ಮಳೆಗೆ, ತನ್ನ ಜನಕ್ಕೆ ಹೊಂದಿಸಿಕೊಳ್ಳುವಾಗ ಆ ಪಾರ್ಕು ಎಷ್ಟು ಯೋಚನೆ ಮಾಡಿತು? ಅನಹೈಮ್ ಮೂಲವಾದ್ದರಿಂದ ಈ ತಕ್ಕಡಿಯ ಹೊರಗೆ ನಿಲ್ಲುತ್ತದೆ. ಅದು ಒಂದನೆಯದಾಗಿಯೇ ಇರಲಿ. ಮ್ಯಾಟರ್‌ಹಾರ್ನ್, ಮಿಸ್ಟರ್ ಟೋಡ್, ಆಲಿಸ್ ರೈಡುಗಳು ಈಗ ಅಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲ ಎಂಬುದೂ ಅದಕ್ಕೆ ಕಾರಣ. ಎರಡನೆಯದು ಪ್ಯಾರಿಸ್. ಮೂರನೆಯದಕ್ಕೆ ಹಾಂಗ್‌ಕಾಂಗ್ ಏರುತ್ತದೆ: ದೆವ್ವವಿಲ್ಲದ ದೆವ್ವದ ಮನೆ, ನಡುವೆ ಹಿಂದಕ್ಕೆ ಓಡುವ ಗ್ರಿಜ್ಲಿ ಗಣಿ ಗಾಡಿ, ಅನಹೈಮ್‌ನ ನಕಲಾಗಿದ್ದ ಕೋಟೆಯನ್ನು 2020ರಲ್ಲಿ ಬೆಳೆಸಿ ತನ್ನದಾಗಿಸಿಕೊಂಡದ್ದು, ಇವೆಲ್ಲ ಆ ಯೋಚನೆಯ ಗುರುತುಗಳು. ನಾಲ್ಕನೆಯದು ಶಾಂಘೈ, ಐದನೆಯದು ಟೋಕಿಯೊ, ಆರನೆಯದು ಮ್ಯಾಜಿಕ್ ಕಿಂಗ್‌ಡಂ.

ಮೂರನೇಸಾಲು:
ಹಾಂಗ್‌ಕಾಂಗ್ ಟೋಕಿಯೊಗಿಂತ ಮೇಲೆ ಎಂಬುದನ್ನು ನಾನು ಎಂದಿಗೂ ಒಪ್ಪುವುದಿಲ್ಲ. ಒಂದು ದಿನಕ್ಕೆ ಸಾಕಾಗುವಷ್ಟು ರೈಡುಗಳಿವೆಯೇ ಎಂಬ ಸರಳ ಪ್ರಶ್ನೆಗೆ ನಿಮ್ಮ ತಕ್ಕಡಿಯಲ್ಲಿ ಜಾಗವಿಲ್ಲ.

ಯಂತ್ರಶಾಲೆ:
ನೆಲಕ್ಕೆ ಹೊಂದಿಸಿಕೊಳ್ಳುವುದೇ ಅಳತೆಯಾದರೆ, ಜೌಗಿನ ಮೇಲೆ ಎರಡನೆಯ ಅಂತಸ್ತಿನಲ್ಲಿ ಪಾರ್ಕು ಕಟ್ಟಿದವರು ಆರನೆಯವರಾಗುವುದು ಹೇಗೆ? ನಿಮ್ಮ ತಕ್ಕಡಿಯ ಪ್ರಕಾರವೇ ಫ್ಲೋರಿಡಾ ಮೇಲೇರಬೇಕು.

ಪಾರ್ಕುಪಯಣಿಗ:
ಈ ಆಕ್ಷೇಪಕ್ಕೆ ನನ್ನಲ್ಲಿ ಉತ್ತರವಿಲ್ಲ. ಐದು ಮತ್ತು ಆರನ್ನು ಅದಲುಬದಲು ಮಾಡಬೇಕಾಗಬಹುದು. ಮೂರನೇಸಾಲು ಅವರ ಕೋಪ ಹೆಚ್ಚುತ್ತದೆ ಎಂದು ಗೊತ್ತು.

ಹೊಸಬ:
ನನಗೆ ಮುಂದಿನ ವರ್ಷ ಒಂದೇ ಪಾರ್ಕಿಗೆ ಹೋಗಲು ಸಾಧ್ಯ, 2 ದಿನ ಸಿಗುತ್ತದೆ. ನಿಮ್ಮ ಮಾತುಗಳನ್ನೆಲ್ಲ ಓದಿ ಹಾಂಗ್‌ಕಾಂಗ್ ಎಂದು ನಿಶ್ಚಯಿಸಿದ್ದೇನೆ.

ಕತೆಗಾರ್ತಿ:
ಬಹಳ ಸಂತೋಷ. ಮಿಸ್ಟಿಕ್ ಮ್ಯಾನರ್‌ನ ಸರದಿಯಲ್ಲಿ ಗೋಡೆಯ ಮೇಲೆ ಸಂಚಾರಿಗಳ ಗುಂಪಿನ ಒಂದು ದೊಡ್ಡ ಚಿತ್ರವಿದೆ. ಸಾಲು ಬೇಗ ಸಾಗಿದರೂ ಅದರ ಮುಂದೆ ಒಂದು ಕ್ಷಣ ನಿಲ್ಲಿ. ಆ ಗುಂಪಿನಲ್ಲಿ ಹ್ಯಾರಿಸನ್ ಹೈಟವರ್ ಎಂಬ ಗಡ್ಡದ ಮನುಷ್ಯನಿದ್ದಾನೆ. ಪಾರ್ಕುಪಯಣಿಗರು ಈ ಚರ್ಚೆಯಿಂದ ಹೊರಗಿಟ್ಟ ಡಿಸ್ನಿಸೀಯಲ್ಲಿ ಟವರ್ ಆಫ್ ಟೆರರ್ ಎಂಬ ರೈಡಿದೆಯಲ್ಲ, ಅದರ ಕತೆಯಲ್ಲಿನ ಹೋಟೆಲಿನ ಮಾಲೀಕ ಅವನೇ.